ಪುಟ್ಟಿ ಮೆತ್ತಿದ ಬಾಗಿಲು ಎಷ್ಟು ಮಳೆ ತಡೆದೀತು?

ಕೊಣನೂರು ಕಡೆಯಿಂದ ರಾಮನಾಥಪುರದ ತಂಬಾಕು ಮಾರುಕಟ್ಟೆಗೆ ಬೇಲ್ ಹೊತ್ತು ಹೋಗುವ ಹಳೇ ಪಿಕಪ್‌ಗಳ ಬಾಗಿಲನ್ನು ಒಮ್ಮೆ ಬಗ್ಗಿ ನೋಡಿ. ಮೇಲೆಲ್ಲ ಮಿರಿಮಿರಿ ಬಣ್ಣ. ಕೆಳಗಿನ ನಾಲ್ಕು ಬೆರಳಗಲ ಮಾತ್ರ ಗುಳ್ಳೆ ಎದ್ದಿರುತ್ತೆ. ಎಷ್ಟೋ ಗಾಡಿಗಳಲ್ಲಿ ಅಲ್ಲಿ ತಗಡೇ ಇರೋದಿಲ್ಲ, ಬರೀ ಪುಟ್ಟಿ.

ನಮ್ಮನೆ ಗಾಡಿಯದ್ದೂ ಇದೇ ಕಥೆ. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕಲ್ಲ, ಅದಕ್ಕೆ ಮುಂಚೆ ಅಪ್ಪ ಒಂದು ಗ್ಯಾರೇಜಿಗೆ ಬಿಟ್ಟರು. "ಎಫ್‌ಸಿಗೆ ತಾನೇ ಯಜಮಾನ್ರೇ, ಪುಟ್ಟಿ ಹಾಕಿ ಬಣ್ಣ ಹೊಡುದ್ರೆ ಸಾಕು" ಅಂದರು. ಅಪ್ಪನೂ ಹೂಂ ಅಂದರು, ಕಡಿಮೆ ಖರ್ಚು ನೋಡಿ. ಒಂದು ಮಳೆಗಾಲ ಕಳೆಯಿತು. ಬಾಗಿಲು ಹಾಕಲು ತಳ್ಳಿದಾಗ ಅಪ್ಪನ ಹೆಬ್ಬೆರಳು ಒಳಗೇ ಹೋಯಿತು. ಹರಕು ತಗಡು ಕೊಯ್ದು ಟಿಟಿ ಇಂಜೆಕ್ಷನ್ನೂ ಆಯಿತು.

ತಪ್ಪು ಗ್ಯಾರೇಜಿನವರದ್ದು ಮಾತ್ರ ಅಲ್ಲ. ಕೇಳಿದ್ದು ನಾವೇ. ಆದರೆ ಇದು ಉಳಿತಾಯ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಪುಟ್ಟಿ ತೇವ ಹೀರುತ್ತೆ. ಅಡಿಯಲ್ಲಿ ತುಕ್ಕು ಉಳಿದಿದ್ದರೆ ಅದು ಕಣ್ಣಿಗೆ ಕಾಣದಂತೆ ತಿನ್ನುತ್ತಲೇ ಇರುತ್ತೆ.

ನೀರು ಬರೋದು ಮೇಲಿಂದ. ಗ್ಲಾಸಿನ ರಬ್ಬರ್ ಒಣಗಿ ಬಿರಿದರೆ ಮಳೆ ನೀರು ಬಾಗಿಲೊಳಗೆ ಇಳಿಯುತ್ತೆ. ಅದು ಹೊರಗೆ ಹೋಗಲಿ ಅಂತಲೇ ಕಂಪನಿಯವರು ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕೆಂಪು ಮಣ್ಣು ಅದನ್ನು ಮುಚ್ಚುತ್ತೆ. ಇನ್ನು ಪೊಟ್ಯಾಷ್ ಗೊಬ್ಬರ ಹೇರುವವರಾದರೆ ಕೇಳಲೇಬೇಡಿ, ಅದೂ ಒಂದು ಬಗೆಯ ಉಪ್ಪೇ. ಚೆಲ್ಲಿದ ಪುಡಿ ತೇವದ ಜೊತೆ ಸೇರಿದರೆ ತಗಡು ಬೇಗ ಹೋಗುತ್ತೆ.

ಎರಡನೇ ಸಲ ಹಿರಿಯ ಟಿಂಕರ್ ಒಬ್ಬರ ಹತ್ತಿರ ಹೋದೆವು. ಬ್ಯಾಟರಿ ವೈರ್ ಬಿಚ್ಚಿ, ಗ್ಲಾಸು ಇಳಿಸಿ, ಹೊಳೆಯುವ ಕಬ್ಬಿಣ ಕಾಣುವವರೆಗೆ ಕೊಳೆತದ್ದನ್ನೆಲ್ಲ ಕತ್ತರಿಸಿದರು. ಅಂಗೈಯಷ್ಟು ಅಂದುಕೊಂಡಿದ್ದ ತೂತು ಮೊಳದುದ್ದ ಆಯಿತು. 22 ಗೇಜ್ ತಗಡು ಬಗ್ಗಿಸಿ ಕೂರಿಸಿ, ಒಂದೇ ಗೆರೆಯಲ್ಲಿ ಬೆಸೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ ಆರಲು ಬಿಟ್ಟರು. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತಂತೆ. ಬಾಗಿಲ ಒಳಮೈಗೂ ಪ್ರೈಮರ್ ಬಳಿದರು. ಪುಟ್ಟಿ ಕೊನೆಗೆ, ತೆಳ್ಳಗೆ. ತೂತು ಬಿಡಲು ಮರೆಯಲಿಲ್ಲ.

ಎರಡು ದಿನದ ಕೂಲಿ ಕೊಟ್ಟೆವು. ಮೊದಲೇ ಕೊಟ್ಟಿದ್ದರೆ ಪುಟ್ಟಿಯ ದುಡ್ಡು ಉಳಿಯುತ್ತಿತ್ತು. ತುಕ್ಕು ಬಾಗಿಲ ಹಿಂಜಸ್ ಕೂರುವ ಜಾಗಕ್ಕೆ ಬಂದಿದ್ದರಂತೂ ಪುಟ್ಟಿ ಮಾತೇ ಬೇಡ. ಕೂಲಿ ಆಳುಗಳನ್ನು, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು. ಎಫ್‌ಸಿ ಸಿಕ್ಕಿತು ಅಂತ ಬಾಗಿಲು ಗಟ್ಟಿಯಾಗೋದಿಲ್ಲ.

ಗಾಡಿ ತೊಳೆಯೋದು ಅಂದರೆ ಕಾವೇರಿಗೆ ಇಳಿಸೋದಲ್ಲ, ಎಣ್ಣೆ ಕುಡಿಯುವ ನೀರಿಗೆ ಸೇರುತ್ತೆ. ಮನೆ ಹತ್ತಿರ ಎರಡು ಬಿಂದಿಗೆ ನೀರು ಸಾಕು. ಅಪ್ಪ ಈಗ ಗೊಬ್ಬರ ಇಳಿಸಿದ ದಿನವೇ ತೊಳೆದು, ತೆಂಗಿನ ಕಡ್ಡಿ ಹಿಡಿದು ಬಾಗಿಲ ತೂತು ಕೆದಕುತ್ತಾರೆ.