ಉರಿಗೆ ಅಭ್ಯಾಸವೆಂಬುದುಂಟೇ?



ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೈಗವಸು ಕೊಡಿ, ಸೋಪು ಕೊಡಿ, ಅಂಗೈಗೆ ಸವರಿಕೊಳ್ಳಲು ನಾಲ್ಕು ಹನಿ ಎಣ್ಣೆ ಕೊಡಿ ಎಂದು ಕೇಳಿದರೆ ಯಜಮಾನರಿಂದ ಬರುವ ಉತ್ತರ ಒಂದೇ: ‘ಅವರ ಕೈಗೆ ಅಭ್ಯಾಸವಾಗಿದೆ ಸ್ವಾಮಿ. ಉರಿಯುವುದು ನಿಮಗೆ, ಅವರಿಗಲ್ಲ.’ ಕಲ್ಯಾಣದುರ್ಗದ ಕಡೆ ಈ ಮಾತನ್ನು ಕನ್ನಡದಲ್ಲಿಯೂ ಕೇಳಿದ್ದೇವೆ, ತೆಲುಗಿನಲ್ಲಿಯೂ ಕೇಳಿದ್ದೇವೆ. ‘ಅಲವಾಟು’ ಎಂದರೂ ‘ಅಭ್ಯಾಸ’ ಎಂದರೂ ಹೇಳುವವನ ಅನುಕೂಲ ಒಂದೇ. ಈ ಮಾತು ಸುಳ್ಳು ಎಂದು ತೋರಿಸುವುದಕ್ಕಾಗಿಯೇ ಇಂದು ಬರೆಯುತ್ತಿದ್ದೇವೆ.

ತೋಟದ ಲೈನುಗಳಲ್ಲಿ ಇದನ್ನು ಓದುವವರು, ‘ನಮ್ಮಲ್ಲಿ ಮೆಣಸೆಂದರೆ ಬಳ್ಳಿಯ ಕಾಳುಮೆಣಸು, ಬಯಲುಸೀಮೆಯ ಮೆಣಸಿನಕಾಯಿ ನಮಗೇಕೆ?’ ಎಂದು ಕೇಳಬಹುದು. ಜಿಗಣೆ ಕಡಿತಕ್ಕೆ ಅಭ್ಯಾಸ, ಮಳೆಯಲ್ಲಿ ನೆನೆಯುವುದಕ್ಕೆ ಅಭ್ಯಾಸ, ಔಷಧಿ ಹೊಡೆಯುವಾಗಿನ ವಾಸನೆಗೆ ಅಭ್ಯಾಸ ಎಂದು ನಿಮಗೂ ಹೇಳಿದವರು ಇದ್ದಾರಲ್ಲವೇ? ಆ ಮಾತಿನ ಒಡಹುಟ್ಟಿದ್ದೇ ಇದು.

ಕೆಲಸ ಹೇಗಿರುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಹಿಂದೂಪುರದ ಮಾರುಕಟ್ಟೆಗೆ ಹುಣಿಸೆಹಣ್ಣಿನ ಜೊತೆಗೆ ಒಣಮೆಣಸಿನಕಾಯಿಯೂ ಬರುತ್ತದೆ. ಬ್ಯಾಡಗಿಯೂ ಗುಂಟೂರೂ ಇದಕ್ಕೆ ದೇಶದಲ್ಲೇ ಹೆಸರಾದ ಪೇಟೆಗಳು. ಕರ್ನೂಲು ಜಿಲ್ಲೆಯ ಆದೋನಿ, ಕೋಸಿಗಿ ಕಡೆಯ ಸಂಸಾರಗಳು ಮಕ್ಕಳುಮರಿ ಕಟ್ಟಿಕೊಂಡು ಗುಂಟೂರಿನ ಹೊಲಗಳಿಗೆ ಕಾಯಿ ಬಿಡಿಸಲು ಹೋಗುವುದು ವರ್ಷವರ್ಷದ ಗೋಳು. ಹೊಲದಲ್ಲಿ ಬಿಡಿಸಿ, ಕಣದಲ್ಲಿ ಒಣಗಿಸಿ, ಗೋದಾಮಿನಲ್ಲಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿದು, ಗೋಣಿಗೆ ತುಂಬುವವರೆಗೆ ಕಾಯಿಗೂ ಕೈಗೂ ನಡುವೆ ಏನೂ ಇರುವುದಿಲ್ಲ. ಕೂಲಿ ತೂಕದ ಮೇಲೆ. ಕೈ ತಡೆದರೆ ಕಾಸು ತಡೆಯಿತು. ಮೂಗಿಗೆ ಸೆರಗು, ಅಷ್ಟೇ.

ಖಾರದ ಮೂಲವಸ್ತುವಿಗೆ ಕ್ಯಾಪ್ಸೈಸಿನ್ ಎಂದು ಹೆಸರು. ಖಾರವೆಲ್ಲ ಬೀಜದಲ್ಲಿದೆ ಎಂದು ನಮ್ಮ ತಾಯಂದಿರು ನಂಬಿದ್ದಾರೆ. ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ತೊಟ್ಟು ಮುರಿಯುವಾಗ ಕಾಯಿ ಒಡೆಯುತ್ತದೆ, ತಿರುಳಿನ ಪುಡಿ ಉಗುರಿನ ಸಂದಿಗೆ ಇಳಿಯುತ್ತದೆ. ಈ ವಸ್ತು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಎಣ್ಣೆಯಲ್ಲಿ, ಸಾರಾಯಿಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಉರಿ ಹೋಗದೆ ಮೊಣಕೈವರೆಗೆ ಹರಡುವುದು ಇದರಿಂದಲೇ. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕಲ್ಯಾಣದುರ್ಗವೆಂದರೆ ಕಡಲೆಕಾಯಿಯ ಸೀಮೆ. ಅಲ್ಲಿ ಒಂದು ಬಟ್ಟಲು ಕಡಲೆಕಾಯಿ ಎಣ್ಣೆಗೆ ಬಡತನವೆಂದರೆ ನಾವು ನಂಬುವುದಿಲ್ಲ.

ಈಗ ಉರಿಯ ವಿಷಯ. ಮೆಣಸಿನಕಾಯಿ ಬೆಂಕಿಯಂತೆ ಚರ್ಮವನ್ನು ಸುಡುವುದಿಲ್ಲ. ನಮ್ಮ ಚರ್ಮದಡಿಯ ಸಣ್ಣ ನರಗಳ ತುದಿಯಲ್ಲಿ ಬಿಸಿಯನ್ನು ಅರಿಯುವ ಬಾಗಿಲುಗಳಿವೆ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಶಾಖ ತಾಗಿದರೆ ಅವು ತೆರೆಯುತ್ತವೆ, ‘ಸುಡುತ್ತಿದೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲಿನ ಕಳ್ಳ ಬೀಗದ ಕೈ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಈ ಬಾಗಿಲನ್ನು ಗುರುತಿಸಿದರು. 2021ರಲ್ಲಿ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ನೊಬೆಲ್ ಬಹುಮಾನ ಬಂತು. ಖಾರವೂ ಬಿಸಿಲೂ ಒಂದೇ ಬಾಗಿಲನ್ನು ತಟ್ಟುವುದರಿಂದ, ಚೈತ್ರದ ಬಿಸಿಲಿನಲ್ಲಿ ತಗಡಿನ ಸೂರಿನಡಿ ಕುಳಿತವಳಿಗೆ ಉರಿ ಇನ್ನೂ ಹೆಚ್ಚು. ನೆರಳು ಕೇಳುವುದು ಸುಖಕ್ಕಾಗಿ ಅಲ್ಲ.

ಬಹಳ ಹೊತ್ತು ತಾಗಿದರೆ ಚರ್ಮ ಕೆಂಪಾಗುತ್ತದೆ, ಊದುತ್ತದೆ, ಕೆಲವರಿಗೆ ಗುಳ್ಳೆಯೂ ಏಳುತ್ತದೆ. 1980ರ ದಶಕದಲ್ಲಿ ಅಮೆರಿಕದ ವೈದ್ಯರು, ಅಡಿಗೆಗೆ ಮೆಣಸಿನಕಾಯಿ ಹೆಚ್ಚಿ ಕೈ ಉರಿಸಿಕೊಂಡವರ ಈ ತೊಂದರೆಗೆ ‘ಹುನಾನ್ ಕೈ’ ಎಂದು ಹೆಸರಿಟ್ಟು ಪತ್ರಿಕೆಯಲ್ಲಿ ಬರೆದರು. ಒಂದು ಹೊತ್ತಿನ ಅಡಿಗೆಯ ಉರಿ ರೋಗವೆನಿಸಿಕೊಂಡಿತು. ದಿನವಿಡೀ ಗೋಣಿಗಟ್ಟಲೆ ಬಿಡಿಸುವ ನಮ್ಮ ಅಕ್ಕಂದಿರ ಉರಿ ‘ಅಭ್ಯಾಸ’ ಎನಿಸಿಕೊಂಡಿತು!

ಹಾಗಾದರೆ ಹಳಬರ ಕೈ ಅಷ್ಟು ಉರಿಯುವುದಿಲ್ಲವೆಂಬುದು ಸುಳ್ಳೇ? ಪೂರಾ ಸುಳ್ಳಲ್ಲ, ಮತ್ತು ಯಜಮಾನರು ಹಿಡಿದುಕೊಂಡಿರುವುದು ಈ ಅರ್ಧ ಸತ್ಯವನ್ನೇ. ಮತ್ತೆಮತ್ತೆ ಕ್ಯಾಪ್ಸೈಸಿನ್ ತಾಗಿದ ನರದ ತುದಿ ಕೂಗಿ ಕೂಗಿ ದಣಿದು ಮೌನವಾಗುತ್ತದೆ. ಪ್ರಮಾಣ ಬಹಳ ಹೆಚ್ಚಾದರೆ ಚರ್ಮದೊಳಗಿನ ಆ ತುದಿಗಳು ಕುಗ್ಗಿ ಹಿಂದೆ ಸರಿದುಬಿಡುತ್ತವೆ. ಮತ್ತೆ ಬೆಳೆಯಲು ವಾರಗಳು, ತಿಂಗಳುಗಳು ಬೇಕು. ಇದನ್ನು ಕೈ ಗಟ್ಟಿಯಾಯಿತು ಎನ್ನುವುದು ಸರಿಯಲ್ಲ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ‘ಊರಲ್ಲಿ ಕಳ್ಳರೇ ಇಲ್ಲ’ ಎಂದಂತೆ ಇದು. ನೋವನ್ನೂ ಬಿಸಿಯನ್ನೂ ಸರಿಯಾಗಿ ಅರಿಯದ ಬೆರಳು ರಾತ್ರಿ ಒಲೆಯ ಮುಂದೆ ತನ್ನನ್ನು ಹೇಗೆ ಕಾಪಾಡಿಕೊಂಡೀತು? ನಾಲ್ಕು ವಾರ ಕೆಲಸ ಬಿಟ್ಟು ಮತ್ತೆ ರಾಶಿಯ ಮುಂದೆ ಕುಳಿತರೆ ಉರಿ ಹೊಸದಾಗಿ ಶುರುವಾಗುತ್ತದೆ ಎಂಬುದನ್ನು ಯಾವ ಕೂಲಿ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಇನ್ನು ಕಣ್ಣು, ತುಟಿ, ಬಿರಿದ ಉಗುರುಸಂದಿ, ಇವುಗಳ ಉರಿಯನ್ನಂತೂ ಮರೆಯಬಾರದು.

ನರ ಹೀಗೆ ಮೌನವಾಗುವುದನ್ನೇ ವೈದ್ಯರು ಮದ್ದು ಮಾಡಿಕೊಂಡಿದ್ದಾರೆ. ನೂರಕ್ಕೆ 0.025 ಅಥವಾ 0.075 ಪಾಲು ಕ್ಯಾಪ್ಸೈಸಿನ್ ಇರುವ ಮುಲಾಮನ್ನು ಮಂಡಿನೋವಿಗೆ, ನರದ ನೋವಿಗೆ ಹಚ್ಚುತ್ತಾರೆ. ಸರ್ಪಸುತ್ತು ವಾಸಿಯಾದ ಮೇಲೂ ಕಾಡುವ ನೋವಿಗೆ ನೂರಕ್ಕೆ 8 ಪಾಲಿನ ಪಟ್ಟಿಯೊಂದಕ್ಕೆ 2009ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಅನುಮತಿ ಸಿಕ್ಕಿತು. ಅದನ್ನು ಹೇಗೆ ಹಚ್ಚುತ್ತಾರೆ ಕೇಳಿ. ಆ ಜಾಗವನ್ನು ಮೊದಲು ಮರಗಟ್ಟಿಸುವುದುಂಟು. ಆ ನೋವಿಗೆ ಪಟ್ಟಿ ಇರಬೇಕಾದದ್ದು ಒಂದೇ ಗಂಟೆ. ಮತ್ತೆ ಹಚ್ಚಲು ಮೂರು ತಿಂಗಳು ಕಾಯಬೇಕು. ಹಚ್ಚುವ ನರ್ಸಮ್ಮ ನೈಟ್ರೈಲ್ ಕೈಗವಸು ಹಾಕಲೇಬೇಕು. ಸಾಧಾರಣ ಲೇಟೆಕ್ಸ್ ಕೈಗವಸು ಸಾಲದೆಂದು ಔಷಧಿಯ ಸೂಚನೆಯಲ್ಲೇ ಬರೆದಿದೆ.

ಗುಂಟೂರಿನ ಸಣ್ಣಂ ಕಾಯಿಯಲ್ಲಿ ನೂರಕ್ಕೆ ಸುಮಾರು 0.2 ಪಾಲು ಖಾರವಸ್ತು ಇರುತ್ತದೆ; ಬ್ಯಾಡಗಿಯದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಒಣಗಿದ ಕಾಯಿಯಿಂದ ಅಷ್ಟೂ ಕೈಗೆ ಬರುವುದಿಲ್ಲ, ಒಪ್ಪಿದೆವು. ಆದರೆ ಮುಲಾಮು ಹಚ್ಚಿದವರೂ ಕೈ ತೊಳೆದುಕೊಳ್ಳಿರೆಂದು ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರೆ. ಗೋಣಿಯ ಮೇಲೆ ಏನು ಅಚ್ಚು ಹಾಕಿದ್ದಾರೆ? ತೂಕ ಮತ್ತು ಮಾಲೀಕನ ಗುರುತು.

ಘಾಟಿನ ಮಾತೂ ಆಗಲಿ. 2014ರ ಫೆಬ್ರವರಿ 13ರಂದು ತೆಲಂಗಾಣ ಮಸೂದೆಯ ಗಲಾಟೆಯಲ್ಲಿ ಆಂಧ್ರದ ಸದಸ್ಯರೊಬ್ಬರು ಲೋಕಸಭೆಯೊಳಗೆ ಖಾರದ ದ್ರವ ಸಿಂಪಡಿಸಿದರು. ಸದಸ್ಯರು ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಾ ಹೊರಗೋಡಿದರು, ಕೆಲವರನ್ನು ಆಸ್ಪತ್ರೆಗೆ ಒಯ್ದರು, ಸಭೆ ನಿಂತಿತು. ಅಂಥ ದ್ರವದ ಉರಿಗೂ ಮೂಲ ಈ ಕಾಯಿಯ ಸತ್ವವೇ. ಗೋದಾಮಿನ ಕೆಮ್ಮಿಗೆ ಯಾವ ಸಭೆಯೂ ನಿಲ್ಲುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕೈಕಾಲು ತೊಳೆಯುವ ಸೌಕರ್ಯ, ಧೂಳು ತಡೆಯುವ ಏರ್ಪಾಡು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಇದ್ದವು. ವಿದ್ಯುತ್ತಿದ್ದರೆ 10 ಜನ, ಇಲ್ಲದಿದ್ದರೆ 20 ಜನ ದುಡಿದರೆ ಅದು ಕಾರ್ಖಾನೆ. ಅದರ ಜಾಗಕ್ಕೆ 2020ರ ಸಂಹಿತೆಯನ್ನು 2025ರ ನವೆಂಬರ್ 21ರಂದು ಜಾರಿಗೆ ತಂದರು. ಅದರಲ್ಲಿ ಈ ಸಂಖ್ಯೆಗಳು 20 ಮತ್ತು 40 ಆದವು. ತೊಟ್ಟು ಮುರಿಯಲು ವಿದ್ಯುತ್ತು ಬೇಡ, ಬೆರಳು ಸಾಕು. ಮೂವತ್ತೈದು ಹೆಂಗಸರು ಕುಳಿತ ಗೋದಾಮು ಈಗ ಕಾರ್ಖಾನೆಯೇ ಅಲ್ಲ! ದೆಹಲಿಯಲ್ಲಿ ಕುಳಿತು ಎಣಿಸಿದವರಿಗೆ ಈ ಮೂವತ್ತೈದು ಜೊತೆ ಕೈಗಳು ಲೆಕ್ಕಕ್ಕೆ ಬರಲಿಲ್ಲ.

ಆದ್ದರಿಂದ ಕಾನೂನಿನ ದಾರಿ ಕಾಯುತ್ತ ಕೂರದೆ, ಹಂಗಾಮು ಶುರುವಾಗುವ ಮುಂಚೆ, ಕೂಲಿ ದರ ಮಾತಾಡುವ ದಿನವೇ ಇದನ್ನೂ ಮಾತಾಡಬೇಕು. ನೈಟ್ರೈಲ್ ಕೈಗವಸು, ಮೂಗುಬಟ್ಟೆ, ಎಣ್ಣೆ, ಸೋಪು, ನೆರಳು ಯಜಮಾನರ ಖರ್ಚಿನಲ್ಲಿ. ಕೈಗವಸು ಹಾಕಿದರೆ ಬೆರಳು ನಿಧಾನವಾಗುತ್ತದೆಂದು ನಮ್ಮ ಹೆಂಗಸರೇ ಬೇಡವೆನ್ನುತ್ತಾರೆ. ಅವರನ್ನು ಬೈದು ಫಲವಿಲ್ಲ. ಕಿಲೋ ದರವನ್ನು ಅಷ್ಟು ಏರಿಸಿದರೆ ಅವರೇ ಹಾಕಿಕೊಳ್ಳುತ್ತಾರೆ. ಹಾಲೂಡಿಸುವ ತಾಯಂದಿರಿಗೆ ಕೈ ತೊಳೆದು ರವಿಕೆ, ಸೆರಗು ಬದಲಿಸುವಷ್ಟು ಬಿಡುವು ಕೂಲಿ ಕಡಿಯದೆ ಸಿಗಬೇಕು. ಮೊಲೆಗೆ ಬಾಯಿಟ್ಟ ಕೂಸು ಕಿರುಚಿ ಹಿಂದೆ ಸರಿಯುವುದನ್ನು ನಾವು ನೋಡಿದ್ದೇವೆ. ಆ ಕೂಸಿಗೂ ಅಭ್ಯಾಸವಾಗಿದೆ ಎನ್ನುವರೇ?

ಒಂದು ಎಚ್ಚರಿಕೆ. ಎಣ್ಣೆಯ ಮಾತು ಕೈಗೆ ಮಾತ್ರ. ಕಣ್ಣಿಗೆ ಖಾರ ಬಿದ್ದರೆ ಎಣ್ಣೆ ಹಾಕಬೇಡಿ, ಉಜ್ಜಬೇಡಿ. ಶುದ್ಧ ನೀರನ್ನು ಕಾಲು ಗಂಟೆಯಾದರೂ ಬಿಡದೆ ಹರಿಸಿ ತೊಳೆಯಿರಿ. ಉರಿ ನಿಲ್ಲದಿದ್ದರೆ ಅಥವಾ ನೋಟ ಮಂಜಾದರೆ ಅಂದೇ ಡಾಕ್ಟರ ಬಳಿ ಹೋಗಿ.