ಕಾಲ್ಚೆಂಡಿನ ಕಣದಲ್ಲಿ ಪ್ರತಿಭೆ

ಬನಹಟ್ಟಿಯ ಸದ್ಗೃಹಸ್ಥರೊಬ್ಬರು ಪತ್ರ ಬರೆದು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಹಿರಿಯ ಮಗನಿಗೆ ಹದಿಮೂರು ವರ್ಷ. ಕಾಲ್ಚೆಂಡಾಟವೆಂದರೆ ಊಟ ನಿದ್ರೆಗಳ ಪರಿವೆಯಿಲ್ಲ. ಕಲಿಸುವವರು ಎಡಕ್ಕೆ ಕೊಡು ಎಂದರೆ ಬಲಕ್ಕೆ ಕೊಡುತ್ತಾನೆ; ಮುಂದಕ್ಕೆ ಒದೆ ಎಂದರೆ ಹಿಮ್ಮಡಿಯಿಂದ ಹಿಂದಕ್ಕೆ ತಳ್ಳುತ್ತಾನೆ. ಒಮ್ಮೊಮ್ಮೆ ಅದರಿಂದ ಗೋಲು ಬರುತ್ತದೆ, ಬಹಳ ಸಲ ಚೆಂಡು ಎದುರಾಳಿಯ ಪಾಲಾಗುತ್ತದೆ. ಈಗ ಅವನನ್ನು ತಂಡದಿಂದ ಕೈಬಿಡುವ ಮಾತು ನಡೆದಿದೆಯಂತೆ. ಇದು ಉದ್ಧಟತನವೊ, ಪ್ರತಿಭೆಯೊ? ತಿದ್ದಬೇಕೊ, ಬಿಡಬೇಕೊ? ಎಂಬುದು ತಂದೆಯ ಕಳವಳ. ವ್ಯಾಕರಣ, ಅಲಂಕಾರಗಳನ್ನು ಓದಿಕೊಂಡ ನಮ್ಮನ್ನು ಮೈದಾನಕ್ಕೆ ಏಕೆ ಎಳೆದರೆಂದು ಮೊದಲಿಗೆ ನಗು ಬಂದಿತು. ವಿಚಾರ ಮಾಡುತ್ತ ಹೋದಂತೆ ಪ್ರಶ್ನೆಯು ನಮ್ಮ ಓದಿನ ಅಂಗಳದ್ದೇ ಎನಿಸಿತು.

ಕಾವ್ಯಕ್ಕೆ ಕಾರಣವೇನೆಂದು ವಿಚಾರಿಸಿದ ಮಮ್ಮಟನು ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ಕಂಡು ಪಡೆದ ನೈಪುಣ್ಯ, ಬಲ್ಲವರ ಬಳಿ ಮಾಡಿದ ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಸ್ವಾರಸ್ಯವೆಂದರೆ, ಇವು ಮೂರು ಬೇರೆ ಬೇರೆ ಕಾರಣಗಳೆಂದು ಅವನು ಒಪ್ಪುವುದಿಲ್ಲ. ಮೂರೂ ಕೂಡಿಯೇ ಒಂದು ಕಾರಣ. ಕವಿಗೆಂತೊ ಆಟಗಾರನಿಗೂ ಅಂತೆಯೇ ಎಂಬುದು ನಮ್ಮ ಅಭಿಪ್ರಾಯ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ೯೪೯ರಲ್ಲಿ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು 'ಗದಾಯುದ್ಧ'ವನ್ನು ರಚಿಸುವ ಹೊತ್ತಿಗೆ ಭಾರತದ ಕಥೆಯನ್ನು ಪಂಪನು ಆಗಲೇ ಕನ್ನಡದಲ್ಲಿ ಹೇಳಿಯಾಗಿತ್ತು. ಕೇಳುವವರಿಗೆ ಕಥೆಯೆಲ್ಲ ತಿಳಿದದ್ದೇ. ರನ್ನನು ಯುದ್ಧ ಮುಗಿಯುತ್ತ ಬಂದ ಜಾಗದಲ್ಲಿ ನಿಂತು, ಸಿಂಹವು ತಿರುಗಿ ನೋಡುವಂತೆ, ನಡೆದುದನ್ನೆಲ್ಲ ತಿರುಗಿ ನೋಡಿದನು. ವೀರರು ಅವರೇ, ಕುರುಕ್ಷೇತ್ರವೂ ಅದೇ. ನಿಂತು ನೋಡಿದ ನೆಲೆ ಮಾತ್ರ ಬೇರೆ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗವೇರಿದ ಹಾಸನ್ನು ನಡುವೆ ಬದಲಿಸಲಾಗದು. ಚಮತ್ಕಾರವೇನಿದ್ದರೂ ಲಾಳಿಯ ಹೊಕ್ಕಿನಲ್ಲಿ.

ಕಾಲ್ಚೆಂಡಾಟದ ಹಾಸು ಬಹಳ ಸರಳ. ಹದಿನೇಳು ನಿಯಮಗಳು, ಕಡೆಗೆ ಹನ್ನೊಂದು ಜನ, ೯೦ ನಿಮಿಷ. ಈ ನಿಮಿಷಗಳನ್ನು ೨೨ ಜನಕ್ಕೆ ಹಂಚಿದರೆ ಒಬ್ಬೊಬ್ಬನ ಪಾಲಿಗೆ ಚೆಂಡು ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು; ಚೆಂಡು ಗೆರೆಯಾಚೆ ಹೋಗಿ ಬರುವ ವೇಳೆಯನ್ನು ಕಳೆದರೆ ಅಷ್ಟೂ ಇಲ್ಲ. ಉಳಿದ ೮೬ ನಿಮಿಷ ಆಟಗಾರನು ಮಾಡುವುದೇನು? ನೋಡುವುದು, ಸರಿಯುವುದು, ಊಹಿಸುವುದು. ಆದ್ದರಿಂದ ಈ ಆಟದಲ್ಲಿ ಸ್ವಂತ ವಿಚಾರವೆಂಬುದು ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಹುಟ್ಟುವುದು ಕಣ್ಣಿನಲ್ಲಿ.

ನಮ್ಮ ನಾಡಿನಲ್ಲಿಯೇ ಅಂಥ ಕಣ್ಣುಳ್ಳವರು ಆಗಿಹೋಗಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿಗಳ ಕಡೆಯ ನಮಗೆ ಕುಸ್ತಿಯ ಪೈಲವಾನರ ಹೆಸರು ಗೊತ್ತು, ಕಬಡ್ಡಿಯ ಹೆಸರುಗಳೂ ಗೊತ್ತು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬೆಳೆದ ಕಾಲ್ಚೆಂಡಿನ ಇತಿಹಾಸ ಅಷ್ಟಾಗಿ ಗೊತ್ತಿಲ್ಲ. ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ೧೯೨೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಅಹ್ಮದ್ ಖಾನರನ್ನು ನೋಡಿದವರು 'ಹಾವಾಡಿಗ' ಎಂದು ಕರೆಯುತ್ತಿದ್ದರು. ಹಾವಾಡಿಗನ ಪುಂಗಿಗೆ ಹೆಡೆ ತೂಗುವಂತೆ ಚೆಂಡು ಅವರ ಬರಿಗಾಲಿಗೆ ತೂಗುತ್ತಿತ್ತು. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇಹ್ ಇವರೊಡನೆ ಅವರು ಐದನೆಯವರು. ಬಂಗಾಳದ ಜನ ಈ ಐವರಿಗೆ ಇಟ್ಟ ಹೆಸರು 'ಪಂಚಪಾಂಡವರು'. ಐವರ ಕಾಲದಲ್ಲಿ ಆ ತಂಡವು ೧೯೪೯, ೧೯೫೦, ೧೯೫೧ ಮೂರು ವರ್ಷವೂ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಭಾರತದ ಕಥೆ ಎಲ್ಲೆಲ್ಲಿ ಹೋಗಿ ನಿಲ್ಲುತ್ತದೆ ನೋಡಿರಿ!

೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಆಡಿ, ದೊರೆತ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು, ಫ್ರಾನ್ಸಿಗೆ ೧-೨ರಿಂದ ಸೋತರು. ಸೋತರೂ ನೋಡಿದವರೆಲ್ಲ ಕೊಂಡಾಡಿದರು. ಇಲ್ಲಿಗೆ ಕಥೆಯನ್ನು ನಿಲ್ಲಿಸಿ ಬರಿಗಾಲಿನ ಸಹಜ ಪ್ರತಿಭೆಯನ್ನು ಹಾಡಿ ಹೊಗಳುವವರು ಬಹಳ. ಅದು ಅರ್ಧ ಸತ್ಯ. ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ನಿಜ. ಆದರೆ ಒಣಗಿದ ಗಟ್ಟಿ ನೆಲದಲ್ಲಿ ಸಲ್ಲುವ ಕಾಲು ತೋಯ್ದ ಹುಲ್ಲಿನ ಮೇಲೆ ಸಲ್ಲದು. ನಾಲ್ಕು ವರ್ಷಗಳ ತರುವಾಯ, ೧೯೫೨ರಲ್ಲಿ, ಚಳಿಯ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ನಮ್ಮವರನ್ನು ೧೦-೧ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಅನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು. ಶಕ್ತಿಯಿದ್ದೂ ಉಳಿದೆರಡು ಸಾಲದಿದ್ದರೆ ಏನಾಗುವುದೆಂಬುದಕ್ಕೆ ಮಮ್ಮಟನೂ ಇದಕ್ಕಿಂತ ಸ್ಫುಟವಾದ ಉದಾಹರಣೆಯನ್ನು ಕೊಡಲಾರ.

ಅದೇ ಯುಗೋಸ್ಲಾವಿಯವನ್ನು ಅದೇ ಹೆಲ್ಸಿಂಕಿಯ ಅಂತಿಮ ಪಂದ್ಯದಲ್ಲಿ ೨-೦ರಿಂದ ಸೋಲಿಸಿ ಚಿನ್ನ ಗೆದ್ದ ತಂಡ ಹಂಗೇರಿ. ಮರುವರ್ಷ, ೧೯೫೩ರ ನವೆಂಬರ್ ೨೫ರಂದು, ಹಂಗೇರಿಯವರು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ೬-೩ರಿಂದ ಸೋಲಿಸಿದರು. ಬ್ರಿಟಿಷ್ ದ್ವೀಪಗಳ ಹೊರಗಿನ ತಂಡವೊಂದಕ್ಕೆ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತದ್ದು ಅದೇ ಮೊದಲು. ನಡೆದದ್ದು ಇಷ್ಟು. ಒಂಬತ್ತನೆಯ ಅಂಕಿಯ ಅಂಗಿ ತೊಟ್ಟವನು ಎಲ್ಲರಿಗಿಂತ ಮುಂದೆ, ಗೋಲಿನ ಎದುರು ನಿಲ್ಲಬೇಕೆಂಬುದು ಅಂದಿನ ವಾಡಿಕೆ. ಹಂಗೇರಿಯ ಒಂಬತ್ತನೆಯವನಾದ ಹಿದೆಕುಟಿ ಹಿಂದಕ್ಕೆ ಸರಿದು ಮೈದಾನದ ನಡುವೆ ನಿಂತನು. ಅವನನ್ನು ಕಾಯಬೇಕಾದ ಇಂಗ್ಲೆಂಡಿನ ರಕ್ಷಕನಿಗೆ ಧರ್ಮಸಂಕಟ: ಬೆನ್ನಟ್ಟಿ ಹೋದರೆ ತನ್ನ ಹಿಂದೆ ಬಯಲು, ನಿಂತಲ್ಲೇ ನಿಂತರೆ ಎದುರಾಳಿ ಸ್ವತಂತ್ರ. ಹಿದೆಕುಟಿ ಅಂದು ಮೂರು ಗೋಲು ಹೊಡೆದನು. ಒಂದು ನಿಯಮವನ್ನೂ ಮುರಿಯಲಿಲ್ಲ. ಒಂಬತ್ತನೆಯವನು ಮುಂದೆಯೇ ನಿಲ್ಲಬೇಕೆಂದು ಹದಿನೇಳು ನಿಯಮಗಳಲ್ಲಿ ಎಲ್ಲಿಯೂ ಬರೆದಿಲ್ಲ. ರನ್ನನಂತೆ ಇವನೂ ನಿಲ್ಲುವ ನೆಲೆಯನ್ನು ಬದಲಿಸಿದನು, ಅಷ್ಟೆ. ಇಂಥದು ಆ ಕ್ಷಣದಲ್ಲಿ ತೋಚಿದ್ದೆಂದು ಯಾರೂ ಭ್ರಮಿಸಬಾರದು. ತಂಡದ ಗುರುವಾದ ಶೆಬೆಶ್ ವೆಂಬ್ಲಿಯ ಅಳತೆಯ ಮೈದಾನದಲ್ಲಿ, ಇಂಗ್ಲೆಂಡಿನ ಚೆಂಡನ್ನೇ ತರಿಸಿ ಅಭ್ಯಾಸ ಮಾಡಿಸಿದ್ದನು. ಇನ್ನೊಂದು ಮಾತು: ಹಿದೆಕುಟಿ ಹಿಂದೆ ಸರಿದಾಗ ತೆರವಾದ ಜಾಗಕ್ಕೆ ಪುಷ್ಕಾಶ್, ಕೊಚಿಶ್ ನುಗ್ಗದಿದ್ದರೆ ಆ ಸರಿಯುವಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಕಾವ್ಯಕ್ಕೆ ಸಹೃದಯನು ಹೇಗೊ ಆಟಕ್ಕೆ ಜೊತೆಗಾರನು ಹಾಗೆ.

ಹೊಸತೆಲ್ಲವೂ ಪ್ರತಿಭೆಯೆ? ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವಿತ್ತು. ಭೀಮನು ತೊಡೆಗೆ ಹೊಡೆದನು. ಅವನಿಗೆ ಪ್ರತಿಜ್ಞೆಯ ಕಾರಣವಿತ್ತೆನ್ನಿ, ಆದರೂ ಬಲರಾಮನು ಕೆರಳಿದನು. ೧೯೮೬ರ ಜೂನ್ ೨೨ರಂದು ಮೆಕ್ಸಿಕೋದಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡಿನ ವಿರುದ್ಧ ಎರಡು ಗೋಲು ಹೊಡೆದನು. ಮೊದಲನೆಯದು ಕೈಯಿಂದ, ತೀರ್ಪುಗಾರನ ಕಣ್ಣು ತಪ್ಪಿಸಿ. ನಾಲ್ಕು ನಿಮಿಷಗಳ ಅನಂತರದ್ದು ತನ್ನ ಅರ್ಧ ಮೈದಾನದಿಂದಲೇ ಹೊರಟು, ಅಡ್ಡ ಬಂದವರನ್ನು ಒಬ್ಬೊಬ್ಬರಾಗಿ ದಾಟಿ, ಗೋಲು ಕಾಯುವವನನ್ನೂ ತಪ್ಪಿಸಿ. ಆಡಿದವನು ಒಬ್ಬನೇ, ಅಂಕಪಟ್ಟಿಯಲ್ಲಿ ಎರಡಕ್ಕೂ ಬೆಲೆ ಒಂದೇ. ಆದರೆ ಮೊದಲನೆಯದರಲ್ಲಿ ಅವನು ಹಾಸನ್ನೇ ಹರಿದನು. ಎರಡನೆಯದರಲ್ಲಿ ಅದೇ ಹಾಸಿನ ಮೇಲೆ ಯಾರೂ ನೇಯದ ಚಿತ್ತಾರವನ್ನು ನೇಯ್ದನು. ಮಕ್ಕಳಿಗೆ ಎರಡೂ ಗೋಲುಗಳ ಚಿತ್ರಸುರುಳಿ ತೋರಿಸಿ, ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಮೊದಲನೆಯದನ್ನು ಜಾಣತನವೆಂದು ನಕ್ಕು ತೇಲಿಸುವ ಹಿರಿಯರನ್ನು ನಾವು ಕಂಡಿದ್ದೇವೆ.

ಇನ್ನು ಪತ್ರದ ಹುಡುಗನ ಮಾತು. ಕಲಿಸುವವರನ್ನು ದೂರುವುದು ನಮಗೆ ಸರಿಯೆನಿಸದು. ಉಳಿದ ಹತ್ತು ಜನ ಒಂದು ನಂಬಿಕೆಯ ಮೇಲೆ ಓಡುತ್ತಿರುತ್ತಾರೆ. ಒಬ್ಬನು ಹೇಳದೆ ಕೇಳದೆ ಹಿಮ್ಮಡಿಯಿಂದ ತಳ್ಳಿದರೆ ಅವರ ಓಟವೆಲ್ಲ ವ್ಯರ್ಥ. ಆದರೆ ಗೆರೆಯ ಹೊರಗೆ ನಿಂತು ಕ್ಷಣಕ್ಷಣಕ್ಕೂ 'ಅಲ್ಲಿ ಕೊಡು, ಇಲ್ಲಿ ಓಡು' ಎಂದು ಕೂಗುವ ಪದ್ಧತಿ ನಮ್ಮ ಊರುಗಳಲ್ಲಿ ಹೆಚ್ಚುತ್ತಿದೆ, ಅದರಲ್ಲಿ ತಂದೆತಾಯಿಗಳ ಧ್ವನಿಯೇ ದೊಡ್ಡದು. ನೋಡುವ ಕೆಲಸವನ್ನು ಹೊರಗಿನವರೇ ಮಾಡಿಕೊಟ್ಟರೆ ಒಳಗಿರುವ ಮಗುವಿಗೆ ಉಳಿಯುವುದು ಕಾಲಿನ ಕೂಲಿ ಮಾತ್ರ. ನಮ್ಮ ತಾಲೀಮುಗಳಲ್ಲಿ ಉಸ್ತಾದನು ಪಟ್ಟುಗಳನ್ನು ಕಲಿಸುವಾಗ ಎಷ್ಟು ಬಯ್ದರೂ ಜೋಡಿ ಕಟ್ಟಿ ಬಿಟ್ಟ ಮೇಲೆ ಸುಮ್ಮನಿರುತ್ತಾನೆ. ಕೆಮ್ಮಣ್ಣಿನ ಕಣದ ಆ ಮೌನವನ್ನು ಕಾಲ್ಚೆಂಡಿನವರು ಎರವಲು ಪಡೆಯಬಹುದು.

ತಂದೆಯವರಿಗೆ ನಮ್ಮ ಸೂಚನೆ ಇಷ್ಟು. ಆಟ ಮುಗಿದು, ಮಗನು ಕೈಕಾಲು ತೊಳೆದು ರೊಟ್ಟಿಗೆ ಕುಳಿತಾಗ ಶಾಂತವಾಗಿ ಕೇಳಿರಿ: ಆ ಚೆಂಡನ್ನು ಹಿಂದಕ್ಕೆ ಏಕೆ ತಳ್ಳಿದೆ? 'ಎದುರಿನ ಇಬ್ಬರೂ ನನ್ನತ್ತ ಬಂದರು, ಹಿಂದೆ ಗೆಳೆಯ ಒಬ್ಬನೇ ಇದ್ದ' ಎಂದರೆ ಚೆಂಡು ತಪ್ಪಿಹೋಗಿದ್ದರೂ ಅವನು ಕಂಡಿದ್ದಾನೆಂದು ತಿಳಿಯಿರಿ. ಅವನಿಗೆ ಬೇಕಾದದ್ದು ಅಭ್ಯಾಸ. 'ಹಾಗೇ ಸುಮ್ಮನೆ' ಎಂದರೆ ಕಲಿಸುವವರು ಹೇಳಿದಂತೆ ಇನ್ನಷ್ಟು ದಿನ ಆಡಲಿ. ಓಣಿಯಲ್ಲಿ ನಾಲ್ಕು ನಾಲ್ಕು ಜನ ಕಟ್ಟಿಕೊಂಡು ಆಡಲು ಸಂಜೆ ಒಂದು ತಾಸು ಬಿಡಿರಿ. ಜನ ಕಡಮೆಯಾದಷ್ಟು ಚೆಂಡು ಕಾಲಿಗೆ ಹೆಚ್ಚು ಸಲ ಬರುತ್ತದೆ. ಆ ಹಿಂದಿನ ಗೆಳೆಯನನ್ನೂ ಕರೆಯಿರಿ, ಇಬ್ಬರೂ ಆ ಹಿಮ್ಮಡಿಯ ಹೊಡೆತವನ್ನು ಕೂಡಿಯೇ ಸಾಧಿಸಲಿ. ಅವನು ಯಾರ ಮನೆಯವನೆಂದು ಪತ್ರದಲ್ಲಿ ಇಲ್ಲ. ಮುಂದಿನ ಪತ್ರದಲ್ಲಿ ಅವನ ವಿಷಯವನ್ನೂ ಬರೆಯಬೇಕು.