ಫಾರ್ಮಿನ ಆ ಒಂದು ಕಾಲಂ | ಭಾಗ 7

ಸರ್ಕಾರಿ ಕೆಲಸದ ಪರೀಕ್ಷೆ ಪಾಸಾಗಿದೆ ಅಂದ್ಕೊಳ್ಳಿ. ಕೈಗೆ ಅಟೆಸ್ಟೇಷನ್ ಫಾರ್ಮ್ ಬರುತ್ತೆ. ಅದರಲ್ಲೊಂದು ಪ್ರಶ್ನೆ: ನಿಮ್ಮನ್ನು ಯಾವಾಗಲಾದರೂ ಬಂಧಿಸಲಾಗಿದೆಯೇ? ಕೇಸು ನಡೆದಿದೆಯೇ? ಕೋರ್ಟು ದಂಡ ವಿಧಿಸಿದೆಯೇ?

ನಮ್ಮ ಸೀನಿಯರ್ ಒಬ್ಬರ ಪೆನ್ನು ಅಲ್ಲೇ ನಿಂತುಬಿಡ್ತು. ಸೆಕೆಂಡ್ ಇಯರ್‌ನಲ್ಲಿ ರೂಮಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ದಿದ್ರು. ಕೋರ್ಟಲ್ಲಿ ದಂಡ ಕಟ್ಟಿ, ಮುಗೀತು ಅಂದ್ಕೊಂಡಿದ್ರು. "ಇಲ್ಲ ಅಂತ ಬರೆದುಬಿಡೋ, ಯಾರಿಗ್ ಗೊತ್ತಾಗುತ್ತೆ" ಅಂದವರೇ ಜಾಸ್ತಿ.

ಫ್ರೆಂಡ್ಸ್, ದಯವಿಟ್ಟು ಆ ಮಾತು ಕೇಳಬೇಡಿ.

ಗಾಂಜಾ ಸೇವನೆಗೆ 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 27ರಡಿ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ರೆ ಅಪರಾಧ ಸಾಬೀತಾದ ಹಾಗೆ. ಕೇಸು ಮುಗಿಯುತ್ತೆ, ದಾಖಲೆ ಉಳಿಯುತ್ತೆ. ಫಾರ್ಮ್ ಪೊಲೀಸ್ ವೆರಿಫಿಕೇಷನ್‌ಗೆ ಹೋದಾಗ ಅದು ಎದ್ದು ಬರುತ್ತೆ. ಆಗ ನಿಮ್ಮ ಮೇಲೆ ಎರಡು ತಪ್ಪು: ಅವತ್ತು ಸೇದಿದ್ದು, ಇವತ್ತು ಮುಚ್ಚಿಟ್ಟಿದ್ದು. ಕೆಲಸಕ್ಕೆ ಸೇರಿದ ಮೇಲೂ ಮನೆಗೆ ಕಳಿಸಬಹುದು.

ಹಾಗಂತ ನಿಜ ಬರೆದ್ರೆ ಕೆಲಸ ಗ್ಯಾರಂಟಿ ಅಂತ ನಾನು ಸುಳ್ಳು ಹೇಳಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನಿಜ ಹೇಳಿದ್ರೂ ನಿಮ್ಮ ಹಿನ್ನೆಲೆ ತೂಗಿ ನೋಡುವ ಹಕ್ಕು ಇಲಾಖೆಗೆ ಇದೆ. ಆದರೆ ಕೇಸಿನ ಸ್ವರೂಪ, ಸಂದರ್ಭ ನೋಡದೆ ಯಾಂತ್ರಿಕವಾಗಿ ತೀರ್ಮಾನ ಮಾಡುವಂತಿಲ್ಲ. ಫಾರ್ಮಲ್ಲಿ ಸ್ಪಷ್ಟವಾಗಿ ಕೇಳಿದ್ದನ್ನು ಮಾತ್ರ ಹೇಳಬೇಕು, ಕೇಳದ್ದನ್ನು ಹೇಳಲಿಲ್ಲ ಅಂತ ದೂರುವಂತಿಲ್ಲ. ಅಂದ್ರೆ ನಿಮ್ಮ ಮೇಲೆ ಕೇಸೇ ಇಲ್ಲದಿದ್ರೆ, ಹಳೇ ಪಾರ್ಟಿ ಕಥೆಯೆಲ್ಲ ಬರೆಯೋ ಅಗತ್ಯ ಇಲ್ಲ.

ಅಮೆರಿಕದಲ್ಲಿ ನೇರವಾಗೇ ಕೇಳ್ತಾರೆ. ಅಲ್ಲಿನ ಸೆಕ್ಯುರಿಟಿ ಕ್ಲಿಯರೆನ್ಸ್ ಫಾರ್ಮ್ ಎಸ್‌ಎಫ್-86, ಕಳೆದ 7 ವರ್ಷದಲ್ಲಿ ಡ್ರಗ್ಸ್ ತಗೊಂಡಿದ್ದೀರಾ ಅನ್ನುತ್ತೆ. ತಗೊಂಡಿದ್ರೂ ಬಾಗಿಲು ಪೂರ್ತಿ ಮುಚ್ಚಲ್ಲ. ಬಿಟ್ಟು ಎಷ್ಟು ದಿನ ಆಯ್ತು, ಮತ್ತೆ ಮಾಡುವ ಸಾಧ್ಯತೆ ಇದೆಯಾ ಅಂತ ನೋಡ್ತಾರೆ. ಆದರೆ ಬೇಕಂತಲೇ ಸುಳ್ಳು ಬರೆದ್ರೆ ಅದೇ ಒಂದು ಅಪರಾಧ.

ನಮ್ಮಲ್ಲೂ ಇದೇ ಸ್ಪಷ್ಟತೆ ಬೇಕು ಅನ್ನೋದು ನನ್ನ ವಾದ. 19ರ ವಯಸ್ಸಿನ ಒಂದು ತಪ್ಪಿಗೆ ಎಷ್ಟು ವರ್ಷ ಲೆಕ್ಕ ಹಿಡೀತಾರೆ ಅಂತ ಮೊದಲೇ ಬರೆದಿಡಲಿ. ಗೊತ್ತಿದ್ರೆ ಹುಡುಗರು ನಿಜ ಹೇಳ್ತಾರೆ. ಭಯ ಇದ್ದಾಗಲೇ ಮುಚ್ಚಿಡೋದು.

ಇನ್ನೂ ಬಿಡೋಕಾಗದೆ ಒದ್ದಾಡ್ತಿರೋರಿಗೆ: 14446ಕ್ಕೆ ಕಾಲ್ ಮಾಡಿ, ಅದು ವ್ಯಸನಮುಕ್ತಿ ಸಹಾಯವಾಣಿ. ಕೇಸು ಬಿದ್ದಿದ್ರೂ, ವ್ಯಸನಿಯಾದವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ಸೇವನೆಯ ಕೇಸಿನಿಂದ ಕಲಂ 64ಎ ರಕ್ಷಣೆ ಕೊಡುತ್ತೆ. ವಕೀಲರನ್ನ ಕೇಳಿ.

ನಮ್ಮ ಸೀನಿಯರ್ "ಹೌದು" ಅಂತಲೇ ಬರೆದ್ರು, ಕೋರ್ಟ್ ಆದೇಶದ ಪ್ರತಿ ಜೊತೆಗಿಟ್ರು. ಉತ್ತರಕ್ಕೆ ಕಾಯ್ತಿದ್ದಾರೆ.

ನೀವಾಗಿದ್ರೆ ಏನ್ ಬರೀತಿದ್ರಿ? ಕಮೆಂಟಲ್ಲಿ ಹೇಳಿ. ಫಾರ್ಮ್ ತುಂಬೋ ಫ್ರೆಂಡ್‌ಗೆ ಶೇರ್ ಮಾಡಿ.